ಮುನಿಶಾಮಪ್ಪ ಮೇಷ್ಟ್ರ ಹಾಡುಗಳ ವಾರಸುದಾರರು

ಯಾರಿಗಾದರೂ ಏನನ್ನಾದರೂ ಪುಕ್ಕಟೆ ಕೊಡುವ ಮುಂಚೆ ಚೆನ್ನಾಗಿ ಯೋಚನೆ ಮಾಡಬೇಕು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ದುಡ್ಡು ತೆಗೆದುಕೊಂಡು ಕೊಟ್ಟರೆ ಜಗಳಕ್ಕೆ ಬರುವವನು ಒಬ್ಬನೇ, ಕೊಂಡುಕೊಂಡವನು. ಪುಕ್ಕಟೆ ಕೊಟ್ಟು ನೋಡಿ. ತೆಗೆದುಕೊಂಡವನು ಬರುತ್ತಾನೆ, ನನಗೇಕೆ ಕೊಡಲಿಲ್ಲ ಎಂದು ಇನ್ನೊಬ್ಬ ಬರುತ್ತಾನೆ, ಕೊಡುವುದಕ್ಕೆ ನೀನು ಯಾರು ಎಂದು ಮತ್ತೊಬ್ಬ ಬರುತ್ತಾನೆ. ಹಿತ್ತಿಲಿನ ಕರಿಬೇವಿನ ಗಿಡದ ವಿಷಯದಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಬೀದಿಯವರೆಲ್ಲ ಕಿತ್ತುಕೊಳ್ಳಲಿ ಎಂದು ಗೇಟಿನ ಬೀಗ ತೆಗೆದಿಟ್ಟೆ. ಈಗ ಸೊಪ್ಪು ಮೊದಲಿನಷ್ಟು ಘಮ ಇಲ್ಲ, ಗೊಬ್ಬರ ಹಾಕುತ್ತಿಲ್ಲವೇ ಎಂದು ಎದುರು ಮನೆಯವರು ನನ್ನನ್ನು ವಿಚಾರಿಸಿಕೊಳ್ಳುತ್ತಾರೆ. ಇಷ್ಟಾದರೂ ಕಲಿಯದೆ ನಾನು ಹಾಡು ಹಂಚಲು ಹೊರಟೆ. ಅದೂ ನನ್ನದಲ್ಲದ ಹಾಡು.

ನಾನು ದೊಡ್ಡಬಳ್ಳಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ವಾರವಿಡೀ ಬೀಜಗಣಿತ ಹೇಳಿ, ಶನಿವಾರ ಸಂಜೆ ದೊಡ್ಡಬೆಳವಂಗಲದ ಪಕ್ಕದ ನಮ್ಮೂರಿಗೆ ಹೋಗಿ ಭಜನೆ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಮುಂದಾಳಾಗಿ ಹಾಡುವವನು ಕೆಂಪಣ್ಣ. ರಾಗಿ ಬೆಳೆಯುತ್ತಾನೆ, ಎರಡು ಸೀಮೆಹಸು ಸಾಕಿದ್ದಾನೆ, ಗಂಟಲು ಎಂದರೆ ಗಂಟಲು. ನಮ್ಮ ಮಂಡಳಿಯ ಹೆಗ್ಗಳಿಕೆ ಏನೆಂದರೆ ನಾವು ಹಾಡುವ ತತ್ವಪದಗಳು ಬೇರೆಲ್ಲೂ ಇಲ್ಲ. ನೂರಾರು ವರ್ಷದ ಹಿಂದೆ ಹಿಂದೂಪುರದ ಕಡೆ ಅಲೆಯುತ್ತಿದ್ದ ಒಬ್ಬ ಬೈರಾಗಿ ತೆಲುಗಿನಲ್ಲಿ ಕಟ್ಟಿದ ಪದಗಳವು. ನಮ್ಮೂರಿನ ಮೊದಲ ಶಾಲಾ ಮೇಷ್ಟ್ರು ಮುನಿಶಾಮಪ್ಪನವರು ಅವನ್ನು ಕನ್ನಡಕ್ಕೆ ತಂದು, ಪ್ರತಿ ಸಾಲಿನ ಕೆಳಗೂ ಸರಿಗಮ ಹಾಕಿಸಿ, ದೊಡ್ಡಬಳ್ಳಾಪುರದಲ್ಲಿ ಅಚ್ಚು ಮಾಡಿಸಿದ್ದರು. ಆ ಅಚ್ಚುಕೂಟ ಮುಚ್ಚಿ ಎಷ್ಟೋ ಕಾಲವಾಗಿ ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಪುಸ್ತಕದ ಒಂದೇ ಒಂದು ಪ್ರತಿ ನಮ್ಮ ಮಂದಿರದಲ್ಲಿ ಉಳಿದಿದೆ. ಅದಕ್ಕೆ ರಟ್ಟೂ ಇಲ್ಲ, ಮೊದಲ ಪುಟಗಳೂ ಇಲ್ಲ. ಹಾಗಾಗಿ ಪುಸ್ತಕದ ಹೆಸರೇನು, ಅಚ್ಚಾದದ್ದು ಯಾವಾಗ ಎಂದು ಊರಿನಲ್ಲಿ ಯಾರೂ ಹೇಳಲಾರರು. ಉಳಿದ ಹಾಳೆಗಳೋ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತವೆ. ಪ್ರತಿ ವಾರ ಭಜನೆ ಮುಗಿಸಿ ಮಂದಿರ ಗುಡಿಸಿದರೆ ಒಂದಿಷ್ಟು ಸ್ವರಗಳು ಕಸದ ಜೊತೆ ಹೊರಗೆ ಹೋಗುತ್ತಿದ್ದವು.

ಇದನ್ನು ನೋಡಿ ಸಂಕಟವಾಗಿ ದಸರಾ ರಜೆಯಲ್ಲಿ ನಾನು ಇಡೀ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿದೆ. ಸರಿಗಮ ಟೈಪು ಮಾಡುವುದು ಎಂದರೆ ಏನೆಂದು ಮಾಡಿದವರಿಗೇ ಗೊತ್ತು. ಮೇಲಿನ ಸ್ಥಾಯಿಗೆ ತಲೆಯ ಮೇಲೊಂದು ಚುಕ್ಕೆ, ಕೆಳಗಿನದಕ್ಕೆ ಬುಡದಲ್ಲೊಂದು ಚುಕ್ಕೆ. ಒಂದು ಚುಕ್ಕೆ ಸರಿಯಾಗಿ ಕೂರಿಸಿದರೆ ಅದರ ಹಿಂದಿನ ಸಾಲು ಪೂರ್ತಿ ಜಾರಿ ಪಕ್ಕಕ್ಕೆ ಹೋಗುತ್ತಿತ್ತು. ನನ್ನ ಹೆಂಡತಿ ಸುಜಾತಾ, "ಇಷ್ಟು ಹೊತ್ತು ಮಕ್ಕಳ ಉತ್ತರಪತ್ರಿಕೆ ನೋಡಿದ್ರೆ ಆ ಮಕ್ಕಳಾದ್ರೂ ಉದ್ಧಾರ ಆಗ್ತಿದ್ವು," ಎಂದು ಕಾಫಿ ಇಟ್ಟು ಹೋಗುತ್ತಿದ್ದಳು. ಅಂತೂ ಮುಗಿಸಿ, ಪಿಡಿಎಫ್ ಮಾಡಿ, ನಮ್ಮ ಭಜನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. "ಸರ್ವರಿಗೂ ಉಚಿತ, ಎಲ್ಲರೂ ಹಾಡಿ, ಎಲ್ಲರಿಗೂ ಹಂಚಿ" ಎಂದು ಮೇಲೆ ಬರೆದೆ. ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ನೆಲಮಂಗಲದ ಕಡೆಯ ಮಂಡಳಿಯವರು ಫೋನು ಮಾಡಿ ನಮ್ಮೂರಿಗೂ ಬಂದು ಹೇಳಿಕೊಡಿ ಎಂದರು. ಹೊಸಕೋಟೆಯಿಂದ ಯಾರೋ ನನ್ನನ್ನು ಗುರುಗಳೇ ಎಂದು ಕರೆದರು. ಎರಡು ದಿನ ನಾನು ಮನೆಯಲ್ಲೂ ಸ್ವಲ್ಪ ಗಂಭೀರವಾಗಿ ಓಡಾಡಿದೆ.

ಮೂರನೆಯ ದಿನ ಬೂದಿಗೆರೆಯಿಂದ ಸತೀಶನ ಫೋನು ಬಂತು. ಸತೀಶ ಮುನಿಶಾಮಪ್ಪ ಮೇಷ್ಟ್ರ ಮೊಮ್ಮಗ. ಬೂದಿಗೆರೆಯಲ್ಲಿ ಸೈಟು ಮಾರಿಸುವ, ಕೊಡಿಸುವ ವ್ಯವಹಾರ ಅವನದು. ಒಳ್ಳೆಯ ಹುಡುಗ. ಆದರೆ ಈ ಪ್ರಪಂಚದಲ್ಲಿ ಇರುವುದೆಲ್ಲ ಸ್ಥಿರಾಸ್ತಿ ಎಂದು ನಂಬಿದ್ದಾನೆ.

"ಮೇಷ್ಟ್ರೇ, ನಮ್ ತಾತನ ಹಾಡು ಎಲ್ಲಾ ಗ್ರೂಪಲ್ಲೂ ಓಡಾಡ್ತಾ ಐತಲ್ಲ. ಯಾರನ್ನ ಕೇಳಿ ಹಾಕಿದ್ರಿ?"

"ಹಳೇ ಹಾಡಪ್ಪ, ಸತೀಶ. ಬೈರಾಗಿ ಪದ. ಅದಕ್ಕೆ ಯಾರನ್ನ ಕೇಳೋದು?"

"ಬೈರಾಗಿದು ತೆಲುಗು. ಕನ್ನಡ ನಮ್ ತಾತಂದು. ಅದು ಪಿತ್ರಾರ್ಜಿತ ಆಸ್ತಿ. ಭಾಗ ಆಗುವಾಗ ಈ ಹಾಡು ಯಾರ ಭಾಗಕ್ಕೆ ಬಂತು ಅಂತ ಇನ್ನೂ ತೀರ್ಮಾನ ಆಗಿಲ್ಲ. ನೀವು ನಡುವೆ ಬಂದು ಉಚಿತ ಅಂತ ಬೋರ್ಡ್ ಹಾಕ್ಬಿಟ್ರೆ ಹೆಂಗೆ?"

ನನಗೆ ರೇಗಿ ಹೋಯಿತು. ಅವನ ತಾತನ ಸ್ವರಗಳು ಕಸದ ಬುಟ್ಟಿಗೆ ಹೋಗುತ್ತಿದ್ದಾಗ ಯಾವ ಭಾಗದವರೂ ಬಂದು ಆರಿಸಿಕೊಳ್ಳಲಿಲ್ಲ. ಈಗ ನಾನು ಕಣ್ಣು ನೋಯಿಸಿಕೊಂಡು ಚುಕ್ಕೆ ಕೂರಿಸಿದ ಮೇಲೆ ವಾರಸುದಾರರು ಹುಟ್ಟಿಕೊಂಡರು. ಆದರೂ ಮನಸ್ಸಿನ ಮೂಲೆಯಲ್ಲಿ ಅಳುಕು ಶುರುವಾಯಿತು. ನನ್ನ ಹಳೆಯ ವಿದ್ಯಾರ್ಥಿನಿ ಶೋಭಾ ಈಗ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ವಕೀಲೆ. ಅವಳು ಗಣಿತದಲ್ಲಿ ಒಂದು ಹೆಜ್ಜೆಯನ್ನೂ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಕಾನೂನಿನಲ್ಲೂ ಹಾಗೆಯೇ ಇದ್ದಾಳೆ. ಅವಳನ್ನೇ ಹೋಗಿ ಕೇಳಿದೆ.

"ಸಾರ್, ಊರ ಕೆರೆ ಮಣ್ಣನ್ನ ಯಾರು ಬೇಕಾದ್ರೂ ಹೊಡ್ಕೊಂಡು ಹೋಗ್ಬೋದು ಅಂತ ಇಟ್ಕೊಳ್ಳಿ. ಬೈರಾಗಿ ತೆಲುಗು ಪದ ಆ ಮಣ್ಣು. ಯಾರ ಅಪ್ಪಣೆನೂ ಬೇಡ. ಆದ್ರೆ ಆ ಮಣ್ಣಲ್ಲಿ ಮುನಿಶಾಮಪ್ಪೋರು ಇಟ್ಟಿಗೆ ಮಾಡಿದ್ದಾರೆ. ಇಟ್ಟಿಗೆ ಅವರದೇ. ಅನುವಾದ ಮಾಡಿದೋರಿಗೆ ಬೇರೆ ಹಕ್ಕು ಇರುತ್ತೆ ಸಾರ್, ಸ್ವರ ಹಾಕಿದೋರು ಬೇರೆ ಇದ್ರೆ ಅವರದ್ದೂ ಬೇರೆ."

"ಎಷ್ಟು ಕಾಲ ಇರುತ್ತಮ್ಮ ಅದು?"

"ಬರೆದೋರು ತೀರಿಕೊಂಡು ಅರವತ್ತು ವರ್ಷ. ಅದೂ ತೀರಿಕೊಂಡ ದಿನದಿಂದ ಅಲ್ಲ, ಅದರ ಮಾರನೇ ವರ್ಷದ ಜನವರಿಯಿಂದ ಲೆಕ್ಕ. ಅವರು ಯಾವಾಗ ಹೋದ್ರು ಸಾರ್?"

ಸುಲಭದ ಪ್ರಶ್ನೆ ಎಂದುಕೊಂಡೆ. ಮುನಿಶಾಮಪ್ಪನವರು ನಾನು ಹುಟ್ಟುವ ಮೊದಲೇ ಹೋದವರು. ಆ ವರ್ಷವೊಂದು ಸಿಕ್ಕಿ, ಅದು ಅರವತ್ತರ ಆಚೆ ಬಿದ್ದರೆ ಸತೀಶನ ಬಾಯಿ ಮುಚ್ಚುತ್ತದೆ, ಈಚೆ ಬಿದ್ದರೆ ನನ್ನದು ಮುಚ್ಚುತ್ತದೆ. ಮುಂದಿನ ಶನಿವಾರವೇ ಊರಿನಲ್ಲಿರುವ ಅವರ ಮಗ, ಅಂದರೆ ಸತೀಶನ ಅಪ್ಪ ಪಿಳ್ಳಪ್ಪನವರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ನಿಮ್ಮ ತಂದೆ ತೀರಿಹೋಗಿದ್ದು ಯಾವ ವರ್ಷ ಪಿಳ್ಳಪ್ಪನೋರೇ?"

"ವರ್ಷ ಕಟ್ಕೊಂಡು ನಾವೇನ್ ಮಾಡಾದು ಮೇಷ್ಟ್ರೇ? ಪಿತೃಪಕ್ಷದ ಅಮಾಸೆ ದಿನ ಎಲ್ಲಾರ್ಗೂ ಒಟ್ಟಿಗೇ ಎಡೆ ಇಕ್ತೀವಿ. ನಮ್ಮಪ್ಪ, ನಮ್ ತಾತ, ನಮ್ ತಾತನ ತಮ್ಮ, ಎಲ್ಲಾ ಒಂದೇ ಸಾಲು."

ನಮ್ಮ ಮನೆಯಲ್ಲೂ ಅದೇ ಪದ್ಧತಿ. ಮಹಾಲಯ ಅಮಾವಾಸ್ಯೆಯಂದು ಹಿರಿಯರೆಲ್ಲರಿಗೂ ಸೇರಿಸಿ ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಯಾರು ಯಾವಾಗ ಹೋದರು ಎಂಬುದು ಅಲ್ಲಿ ಬೇಕಾಗುವುದಿಲ್ಲ. ಯಾರಿಗೆ ಕಡಲೆಬೀಜದ ಚಟ್ನಿ ಇಷ್ಟ, ಯಾರಿಗೆ ಎಲೆಯಡಿಕೆ ಇಡಬೇಕು ಎನ್ನುವುದಷ್ಟೇ ಬೇಕು. ಮುನಿಶಾಮಪ್ಪನವರಿಗೆ ಹುರಿಗಾಳು ಎಂದರೆ ಪ್ರಾಣ ಎಂದು ಪಿಳ್ಳಪ್ಪನವರು ಖಚಿತವಾಗಿ ಹೇಳಿದರು. ಕಾನೂನಿನಲ್ಲಿ ಹುರಿಗಾಳಿಗೆ ಅವಕಾಶವಿಲ್ಲ.

"ಅಂದಾಜಾದ್ರೂ ಹೇಳಿ," ಎಂದು ಗೋಗರೆದೆ.

"ನಮ್ ಬಿಳೀ ಎತ್ತು ತಂದ ಮಾರನೇ ವರ್ಷ."

"ಬಿಳೀ ಎತ್ತು ತಂದಿದ್ದು ಯಾವಾಗ?"

"ನಮ್ಮಪ್ಪ ಸಾಯೋದಕ್ಕೆ ಹಿಂದಿನ ವರ್ಷ."

ಒಂದು ಸಮೀಕರಣದಲ್ಲಿ ಎರಡು ಅವ್ಯಕ್ತಗಳಿದ್ದರೆ ಉತ್ತರ ಬರುವುದಿಲ್ಲ ಎಂದು ನಾನು ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಜಗಲಿಯ ಮೇಲೆ ಕೂತಿದ್ದಾಗ ಅದು ಎಷ್ಟು ನಿಜವೆಂದು ಗೊತ್ತಾಯಿತು. ಕೊನೆಗೆ ತೋಟದ ಮೂಲೆಯ ಸಮಾಧಿಯ ಮೇಲೆ ಬರೆದಿರಬಹುದೆಂದು ಅಲ್ಲಿಗೂ ಹೋದೆವು. ಕಲ್ಲಿನ ಮೇಲೆ ಮುನಿಶಾಮಪ್ಪ ಎಂದು ಸಣ್ಣದಾಗಿಯೂ, "ಸೇವಾಕರ್ತರು: ಮಗ ಪಿಳ್ಳಪ್ಪ" ಎಂದು ದೊಡ್ಡದಾಗಿಯೂ ಕೆತ್ತಿತ್ತು. ವರ್ಷ ಇರಲಿಲ್ಲ. ಜಾಗ ಸಾಲಲಿಲ್ಲ ಎಂದು ಪಿಳ್ಳಪ್ಪನವರು ಹೇಳಿದರು.

ಇಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಹಬ್ಬುವಾಗ ಒಂದಿಷ್ಟು ದಪ್ಪವೂ ಆಗಿತ್ತು. ಹಾಡು ಹಂಚಿದವರ ಮೇಲೆ ಮಾತ್ರವಲ್ಲ, ಹಾಡಿದವರ ಮೇಲೂ ಕೇಸು ಬೀಳುತ್ತದಂತೆ, ತಾಳ ಹಾಕಿದವರನ್ನು ಸಾಕ್ಷಿಗೆ ಕರೆಯುತ್ತಾರಂತೆ. ಆ ಶನಿವಾರ ನಾನು ಹಾರ್ಮೋನಿಯಂ ಮುಂದೆ ಕೂತು ಮಾಮೂಲಿನ ಶ್ರುತಿ ಹಿಡಿದರೆ ಯಾರೂ ಬಾಯಿ ಬಿಡಲಿಲ್ಲ. ಕೆಂಪಣ್ಣ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ಆ ಪದಗಳು ಸದ್ಯಕ್ಕೆ ಬೇಡ. ನಂದೊಂದು ಹಳೇ ಜಮೀನು ಪೋಡಿ ಕೇಸೇ ಇನ್ನೂ ಮುಗ್ದಿಲ್ಲ," ಎಂದು ಯಾವುದೋ ಸಿನಿಮಾ ಧಾಟಿಯ ಭಜನೆ ಎತ್ತಿಕೊಂಡ. ಮುದುಕರು ಗೋಡೆಗೆ ಒರಗಿ ಕೂತುಬಿಟ್ಟರು. ಎಷ್ಟೋ ಕಾಲದಿಂದ ಆ ಮಂದಿರದಲ್ಲಿ ಪ್ರತಿ ಶನಿವಾರ ಕೇಳಿಬರುತ್ತಿದ್ದ ಪದಗಳು ನಿಂತುಹೋದವು, ನಿಲ್ಲಿಸಿದವನು ನಾನು. ಹಾಡು ಉಳಿಸಲು ಹೋಗಿ ಹಾಡನ್ನೇ ನಿಲ್ಲಿಸಿದ ಪುಣ್ಯಾತ್ಮ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಸುಲಭವಿತ್ತು.

ಮತ್ತೆ ಶೋಭಾಳ ಹತ್ತಿರ ಓಡಿದೆ. ಭಜನೆಯಲ್ಲಿ ಹಾಡಿದ್ದಕ್ಕೆಲ್ಲ ಯಾರೂ ಜೈಲಿಗೆ ಹಾಕುವುದಿಲ್ಲ, ಆದರೆ ವರ್ಷ ಸಿಗದಿದ್ದರೆ ವಾರಸುದಾರರೆಲ್ಲರಿಂದ ಒಪ್ಪಿಗೆ ಬರೆಸಿಕೊಳ್ಳುವುದೇ ಕ್ಷೇಮ ಎಂದಳು. ಒಪ್ಪಿಗೆ ಎಂದ ಕೂಡಲೇ ಸತೀಶ ಹುರುಪಾದ. ಇದು ಅವನಿಗೆ ತಿಳಿದ ಕೆಲಸ. ವಂಶವೃಕ್ಷ ಬೇಕು, ಛಾಪಾ ಕಾಗದ ಬೇಕು, ಮುಖ್ಯವಾಗಿ ಹೆಣ್ಣುಮಕ್ಕಳ ಸೈನು ಬೇಕು ಎಂದ. ನಮ್ಮ ಕಡೆ ಈಗ ಒಂದು ಗುಂಟೆ ಮಾರಬೇಕಾದರೂ ಮದುವೆಯಾಗಿ ಹೋದ ಅಕ್ಕತಂಗಿಯರ ಮನೆ ಬಾಗಿಲಿಗೆ ಹಣ್ಣು ಹೂವು ಹಿಡಿದು ಹೋಗದೆ ಆಗುವುದಿಲ್ಲ. ಹಾಡಿಗೂ ಅದೇ ಕ್ರಮ ಎಂದು ಅವನು ನಿರ್ಧರಿಸಿದ. "ನಮ್ಮತ್ತೆ ಒಬ್ರು ಅವ್ರೆ, ಇಲ್ಲೇ ನಮ್ ಕಡೆ ವಿಜಯಪುರದಲ್ಲಿ. ಅಕ್ಕಯ್ಯಮ್ಮ ಅಂತ. ನಮ್ಮಪ್ಪಂಗೂ ಅವ್ರಿಗೂ ಮಾತಿಲ್ಲ. ಕೆರೆ ಕೆಳಗಿನ ಗದ್ದೆ ಮಾರುವಾಗ ನಮ್ಮಪ್ಪ ಅವ್ರನ್ನ ಕೇಳಿರ್ಲಿಲ್ಲ," ಎಂದು ತಣ್ಣಗೆ ಸೇರಿಸಿದ.

ಒಂದು ಭಾನುವಾರ ಅವನ ಕಾರಿನಲ್ಲೇ ವಿಜಯಪುರಕ್ಕೆ ಹೋದೆವು. ಅಕ್ಕಯ್ಯಮ್ಮ ಎಂಬತ್ತು ದಾಟಿದ ಹೆಂಗಸು. ಮಹಡಿಯಿಂದ ಒಣಗಿದ ಬಟ್ಟೆಯ ರಾಶಿ ಹೊತ್ತುಕೊಂಡು, ಕಂಬಿ ಹಿಡಿಯದೆ, ಮೆಟ್ಟಿಲಿಳಿದು ಬಂದರು. ಸತೀಶನ ಕೈಯಲ್ಲಿದ್ದ ಕಾಗದ ಕಂಡದ್ದೇ ನಿಂತುಬಿಟ್ಟರು.

"ಯಾವ ಸರ್ವೆ ನಂಬರಿಗೋ?"

"ಜಮೀನಿಗಲ್ಲ ಅತ್ತೆ. ತಾತನ ಹಾಡಿಗೆ."

"ಹಾಡಿಗೂ ಸೈನ್ ತಗೊಳ್ಳೋ ಕಾಲ ಬಂತಾ. ನಿಮ್ಮಪ್ಪ ಗದ್ದೆಗೇ ತಗೊಂಡಿರ್ಲಿಲ್ಲವಲ್ಲ."

ನಾನು ನಡುವೆ ಬಾಯಿ ಹಾಕಿ, ಪುಸ್ತಕ ಪುಡಿಯಾಗುತ್ತಿರುವುದು, ನಾನದನ್ನು ಟೈಪು ಮಾಡಿ ಹಂಚಿದ್ದು, ಹತ್ತಾರು ಊರಿನವರು ಕಲಿಯಲು ಕಾದಿರುವುದು, ನಮ್ಮ ಮಂದಿರದಲ್ಲಿ ಪದಗಳೇ ನಿಂತಿರುವುದು ಎಲ್ಲವನ್ನೂ ಹೇಳಿದೆ. ಅವರ ತಂದೆ ತೀರಿಕೊಂಡ ವರ್ಷ ನೆನಪಿದ್ದರೆ ಸೈನೂ ಬೇಕಾಗಲಾರದು ಎಂದೂ ಹೇಳಿದೆ. ಅವರು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡರು.

"ನಮ್ಮಪ್ಪ ಹೋದ ವರ್ಷ ಕಟ್ಕೊಂಡು ಏನ್ ಮಾಡ್ತೀಯಪ್ಪ? ಕನ್ನಡಕ್ಕೆ ತಂದಿದ್ದು ನಮ್ಮಪ್ಪ, ಸರಿ. ಸ್ವರ ಹಾಕಿದ್ದು ನಾನು. ನಮ್ಮಪ್ಪಂಗೆ ಸರಿಗಮ ಎಲ್ ಬರ್ತಿತ್ತು? ಊರಿಗೆ ಬರ್ತಿದ್ದ ಪಿಟೀಲಿನ ಮೇಷ್ಟ್ರ ಹತ್ರ ಕಲ್ತಿದ್ದೋಳು ನಾನು. ಹೆಣ್ಣುಡುಗಿ ಹೆಸರು ಅಚ್ಚಾಗೋದು ಬೇಡ ಅಂದ್ರು ಎಲ್ಲಾರೂ. ಹಾಕ್ಲಿಲ್ಲ."

ಬಿಳಿ ಎತ್ತು, ಸಮಾಧಿ, ಜನವರಿ ಲೆಕ್ಕ ಎಲ್ಲ ದಂಡವಾಯಿತು. ಸ್ವರಗಳ ಒಡತಿ ನನ್ನೆದುರಿಗೇ ಟವೆಲ್ ಮಡಿಸುತ್ತಿದ್ದಾರೆ. ಕಾನೂನಿನ ಪ್ರಕಾರ ಇವರು ಹೋಗಿ, ಅದರ ಮೇಲೆ ಅರವತ್ತು ವರ್ಷ. ಸತೀಶ ಹೆದರಿಕೊಂಡೇ ಅದನ್ನು ಅವರಿಗೆ ವಿವರಿಸಿದ.

"ಅಲ್ಲೀವರೆಗೂ ಕಾಯ್ತೀಯಾ?" ಎಂದು ನನ್ನನ್ನು ಕೇಳಿದರು. "ಅದ್ಯಾವುದೋ ಹಂಚಿದೀನಿ ಅಂದ್ಯಲ್ಲ, ಎಲ್ಲಿ, ಕೇಳ್ಸು."

ನನ್ನ ಎದೆ ಉಬ್ಬಿತು. ಪಿಡಿಎಫ್ ಜೊತೆಗೆ ನಾನೇ ನುಡಿಸಿ, ಹಾಡಿ, ರೆಕಾರ್ಡು ಮಾಡಿಟ್ಟಿದ್ದೆ. ಫೋನನ್ನು ಅವರ ಮುಂದಿಟ್ಟು ಶಬ್ದ ಜೋರು ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಪಲ್ಲವಿ ಮುಗಿಯಿತು, ಚರಣ ಬಂತು, ಅವರ ಬೆರಳು ತೊಡೆಯ ಮೇಲೆ ತಾಳ ಹಾಕಲು ಎದ್ದು, ಎಲ್ಲಿ ಬೀಳಬೇಕೆಂದು ತಿಳಿಯದೆ ಹಾಗೇ ನಿಂತಿತು.

"ಇದು ಯಾರ್ ಹಾಡು?"

"ನಿಮ್ಮದೇ ಅಮ್ಮ. ಪುಸ್ತಕದ ಎರಡನೇ ಪದ."

"ನಮ್ದಲ್ಲ."

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಇಲ್ಲಿಯವರೆಗೆ ಹೇಳುವ ಸಂದರ್ಭ ಬರಲಿಲ್ಲ. ಟೈಪು ಮಾಡುವಾಗ ಅಲ್ಲಲ್ಲಿ ಕೆಲವು ಸುಧಾರಣೆ ಮಾಡಿದ್ದೆ. ಕೆಲವು ಕಡೆ ಹಾಳೆ ಮುರಿದು ಸ್ವರ ಕಾಣುತ್ತಿರಲಿಲ್ಲ, ಅಲ್ಲಿ ನನಗೆ ತೋಚಿದ್ದು ಹಾಕಿದೆ. ಕೆಲವು ಕಡೆ ಕಾಣುತ್ತಿತ್ತು, ಆದರೆ ಹಾರ್ಮೋನಿಯಂ ಮೇಲೆ ನನ್ನ ಬೆರಳಿಗೆ ಒಗ್ಗುತ್ತಿರಲಿಲ್ಲ. ಗಣಿತದವನಾದ್ದರಿಂದ ಸಾಲುಗಳ ಅಳತೆ ಸಮ ಇಲ್ಲದ್ದನ್ನು ಕಂಡರೆ ನನಗೆ ಆಗುವುದಿಲ್ಲ, ಅವನ್ನು ಸರಿದೂಗಿಸಿದೆ. ಅವು ಸುಧಾರಣೆಗಳೇ ಎಂದು ನಾನು ಈಗಲೂ ಹೇಳುತ್ತೇನೆ. ಅಕ್ಕಯ್ಯಮ್ಮನವರಿಗೂ ಅದನ್ನೇ ಹೇಳಿದೆ.

"ಹಂಗಾದ್ರೆ ಇದಕ್ಕೆ ನನ್ ಸೈನ್ ಯಾತಕ್ಕೆ?" ಎಂದರು. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ಇದು ನಮ್ಮಪ್ಪಂದೂ ಅಲ್ಲ, ನಂದೂ ಅಲ್ಲ. ನಿಂದೇ. ಬೇರೆಯೋರ ಆಸ್ತಿಗೆ ನಾನು ಸೈನ್ ಹಾಕಾಕಾಗಲ್ಲ ಕಣಪ್ಪ."

ಸತೀಶ ನಗು ತಡೆಯಲು ಕಿಟಕಿಯ ಕಡೆ ತಿರುಗಿದ. ಅಕ್ಕಯ್ಯಮ್ಮ ಮಡಿಸಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅವನ ಕೈಯಿಂದ ಕಾಗದ ಕಿತ್ತುಕೊಂಡರು. ಹಳೆಯ ಪುಸ್ತಕದ ಹಾಳೆಗಳನ್ನು ಇದ್ದದ್ದು ಇದ್ದ ಹಾಗೆ ಫೋಟೋ ತೆಗೆದು ಹಾಕಬೇಕು, ಯಾರು ಬೇಕಾದರೂ ಹಾಡಿಕೊಳ್ಳಲಿ, ಮುರಿದು ಹೋದ ಕಡೆ ಏನಿತ್ತೆಂದು ಕೆಂಪಣ್ಣನನ್ನು ಕರೆದುಕೊಂಡು ಬಂದರೆ ಬಾಯಲ್ಲಿ ಹಾಡಿ ತೋರಿಸುತ್ತೇನೆ ಎಂದರು. "ಮೇಲ್ಗಡೆ, ಸ್ವರ ಅಕ್ಕಯ್ಯಮ್ಮ ಅಂತ ಬರೀ. ಈಗ ಬೇಡ ಅನ್ನೋರು ಯಾರೂ ಉಳಿದಿಲ್ಲ," ಎಂದು ದಪ್ಪ ಅಕ್ಷರದಲ್ಲಿ ಸೈನು ಹಾಕಿದರು. ಅತ್ತೆ ಹಾಕಿದ ಮೇಲೆ ನಮ್ಮದೇನೂ ತಕರಾರಿಲ್ಲ ಎಂದು ಸತೀಶ ತನ್ನ ಮತ್ತು ಅಪ್ಪನ ಪರವಾಗಿ ಅಲ್ಲೇ ಘೋಷಿಸಿದ. ಅತ್ತೆಯ ಸೈನು ಅವನಿಗೆ ಇನ್ನೂ ಒಂದೆರಡು ಸರ್ವೆ ನಂಬರಿಗೆ ಬೇಕಾಗಿದೆ ಎಂದು ವಾಪಸು ಬರುವಾಗ ಕಾರಿನಲ್ಲಿ ತಿಳಿಯಿತು.

ಈಗ ಎಲ್ಲ ಸುಸೂತ್ರವಾಗಿದೆ. ಹಾಳೆಗಳ ಫೋಟೋಗಳು ಎಲ್ಲ ಗುಂಪುಗಳಲ್ಲೂ ಓಡಾಡುತ್ತಿವೆ. ಕೆಂಪಣ್ಣ ಎರಡು ಭಾನುವಾರ ವಿಜಯಪುರಕ್ಕೆ ಹೋಗಿ ಬಿಟ್ಟುಹೋದ ಜಾಗಗಳನ್ನೆಲ್ಲ ಕಲಿತು ಬಂದ. ಶನಿವಾರ ಅವನು ಎರಡನೇ ಪದ ಎತ್ತಿಕೊಂಡರೆ ಗೋಡೆಗೆ ಒರಗಿದ್ದ ಮುದುಕರು ಮುಂದಕ್ಕೆ ಸರಿದು ಕೂರುತ್ತಾರೆ. ಹೇಳಲು ಹೊಟ್ಟೆಕಿಚ್ಚಾದರೂ ಹೇಳುತ್ತೇನೆ, ಅದು ಚೆನ್ನಾಗಿಯೇ ಇದೆ. ಹೊಸಕೋಟೆಯವರು ಈಗ ಅಕ್ಕಯ್ಯಮ್ಮನವರಿಗೆ ಗುರುಗಳೇ ಎನ್ನುತ್ತಾರಂತೆ. ನಾನು ಟೈಪು ಮಾಡಿದ್ದನ್ನು ಯಾರೂ ತೆರೆಯುತ್ತಿಲ್ಲ. ಅಷ್ಟು ಚುಕ್ಕೆ ಕೂರಿಸಿದ್ದು ವ್ಯರ್ಥವಾಗಬಾರದೆಂದು, ಅದರ ಕಾನೂನು ಸ್ಥಿತಿ ಏನು ಎಂದು ಶೋಭಾಳನ್ನು ಕೇಳಿದೆ. ಅವಳು ಎಂದಿನಂತೆ ಒಂದು ಹೆಜ್ಜೆಯನ್ನೂ ಬಿಡದೆ ಉತ್ತರಿಸಿದಳು: "ನೀವು ಹೊಸದಾಗಿ ಸೇರಿಸಿದ್ದು ಏನಿದೆ, ಅದು ಪೂರ್ತಿ ನಿಮ್ಮದೇ ಸಾರ್. ನಿಮ್ಮ ಅಪ್ಪಣೆ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ನಿಮ್ಮ ಕಾಲ ಆದ ಮೇಲೂ ಅರವತ್ತು ವರ್ಷ."

ಇದು ಸಣ್ಣ ವಿಷಯವಲ್ಲ. ಜೀವನದಲ್ಲಿ ಮೊದಲ ಸಲ ನಾನೊಂದು ಹಕ್ಕಿನ ಒಡೆಯನಾಗಿದ್ದೆ. ಆ ಶನಿವಾರ ಭಜನೆ ಮುಗಿದ ಮೇಲೆ ಕೆಂಪಣ್ಣನನ್ನು ಕೂರಿಸಿಕೊಂಡು ಸಾವಧಾನವಾಗಿ ಎಲ್ಲ ವಿವರಿಸಿದೆ. ಅವನು ತಾಳಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಗಮನವಿಟ್ಟು ಕೇಳಿದ.

"ಅಂದ್ರೆ, ನೀವು ಹಾಕಿರೋ ಸ್ವರಾನ ಇನ್ಯಾರೂ ನುಡ್ಸಂಗಿಲ್ಲ?"

"ನುಡಿಸುವಂತಿಲ್ಲ."

"ನೀವು ಹೋದ್ಮೇಲೂ ಅರವತ್ತು ವರ್ಷ?"

"ಅರವತ್ತು ವರ್ಷ."

ಕೆಂಪಣ್ಣ ತಾಳದ ಗಂಟು ಬಿಗಿದು ಪಕ್ಕಕ್ಕಿಟ್ಟ. ಅವನ ಮುಖದಲ್ಲಿ ಒಂದು ನೆಮ್ಮದಿ ಕಾಣಿಸಿತು.

"ಒಳ್ಳೇ ಕಾನೂನು ಮೇಷ್ಟ್ರೇ," ಎಂದ.